ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು

ಹೋದ ತಿಂಗಳು ಒಂದು ಮುಂಜಾನೆ ಗಜೇಂದ್ರಗಡದ ಬಸ್ಸಿನಿಂದ ಇಳಿದ ತರುಣನೊಬ್ಬ ನಮ್ಮ ಕಚೇರಿಯ ಹನ್ನೆರಡು ಮೆಟ್ಟಿಲು ಹತ್ತುವಷ್ಟರಲ್ಲಿ ಮೂರು ಸಲ ನಿಂತ. ನಾವು ಮಾಸ್ತರಿಕೆಯಲ್ಲಿದ್ದಾಗ ನಮ್ಮ ವರ್ಗದಲ್ಲಿ ಕಲಿತ ಹುಡುಗ. ಕಬಡ್ಡಿಯಲ್ಲಿ ಶಾಲೆಗೆ ಹೆಸರು ತಂದವನು. ಈಗ ಅವನ ವಯಸ್ಸು 26, ಕಸಬು ಮಗ್ಗ. ಪಕ್ಕದಿಂದ ಕರೆದರೆ ಕುತ್ತಿಗೆ ಹೊರಳಿಸಲಾರದೆ ಇಡೀ ಮೈಯನ್ನೇ ತಿರುಗಿಸಿ ನಮ್ಮನ್ನು ನೋಡಿದ. ಬಲ ಮೊಣಕಾಲು ಬಾತಿತ್ತು. ಹಿಮ್ಮಡಿ ಊರಲು ಬರುತ್ತಿರಲಿಲ್ಲ.

"ಮುಂಜಾನೆದ್ದಾಗ ಬೆನ್ನು ಕಟಗಿ ಆಗಿರತೈತ್ರಿ ಮಾಸ್ತರ. ಮಗ್ಗದ ಮುಂದ ತಾಸರ್ಧತಾಸು ದುಡದ ಮ್ಯಾಲ ಸಡಲ ಆಗತೈತಿ. ಕುಂತ್ರ ಮತ್ತ ಬಿಗಿತೈತಿ. ದುಡದ್ರ ಕಡಿಮಿ ಆಗೂ ಬ್ಯಾನಿ ಎಲ್ಲೈತಿ, ಇವ ಸುಳ್ಳ ನೆವಾ ಹೇಳತಾನ ಅಂತ ಮಂದಿ ಆಡಿಕೋತಾರ" ಎಂದ.

ಏಳು ವರ್ಷಗಳಿಂದ ಅವನು ಈ ಬೇನೆಯನ್ನು ಹೊತ್ತು ತಿರುಗಿದ್ದಾನೆ. ಒಬ್ಬರು ವಾಯು ಎಂದರು. ಒಬ್ಬರು ಮಗ್ಗದ ಕುಣಿಯಲ್ಲಿ ಕೂತು ಬೆನ್ನು ಹಿಡಿದಿದೆ ಎಂದರು. ಇನ್ನೊಬ್ಬರು ಕೊಳವೆಬಾವಿಯ ನೀರಿನ ದೋಷವೆಂದರು. ಊರೂರು ತಿರುಗುವವನೊಬ್ಬ ಕೊಟ್ಟ ಪುಡಿಯಿಂದ ಮೂರು ತಿಂಗಳು ಸುಖವಾಯಿತು, ಆಮೇಲೆ ಮುಖ ಊದಿಕೊಂಡಿತು. ಕೊನೆಗೆ ಹುಬ್ಬಳ್ಳಿಯಲ್ಲಿ ಒಬ್ಬ ಡಾಕ್ಟರರು ಬೇನೆಯ ಹೆಸರನ್ನೂ ಹೇಳಿದರು, ಮದ್ದಿನ ಹೆಸರನ್ನೂ ಹೇಳಿದರು, ಬೆಲೆಯನ್ನೂ ಹೇಳಿದರು. ಬೆಲೆ ಕೇಳಿದ ಮೇಲೆ ಅವನು ನೆಟ್ಟಗೆ ನಮ್ಮಲ್ಲಿಗೆ ಬಂದ. ಅವನು ಕೇಳಿದ್ದು ಒಂದೇ ಮಾತು: "ಕಾರ್ಡಿನ್ಯಾಗ ಈ ಇಂಜೆಕ್ಷನ್ ಬರತೈತೇನ್ರಿ?"

ಈ ಒಂದು ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ಆ ಬೇನೆಗೆ ವೈದ್ಯಶಾಸ್ತ್ರದಲ್ಲಿ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂದು ಹೆಸರು. ಹೆಸರು ಉದ್ದವಾದರೂ ಸಂಗತಿ ತಿಳಿಯಲು ಕಷ್ಟವಿಲ್ಲ. ರೋಗಾಣುಗಳನ್ನು ಎದುರಿಸಬೇಕಾದ ಮೈಯೊಳಗಿನ ಕಾವಲು ಪಡೆ ದಾರಿ ತಪ್ಪಿ ತನ್ನದೇ ಕೀಲುಗಳ ಮೇಲೆ ತಿರುಗಿ ಬೀಳುತ್ತದೆ. ಬೆನ್ನುಮೂಳೆಯು ಸೊಂಟಕ್ಕೆ ಸೇರುವ ಎರಡು ಕೀಲುಗಳಲ್ಲಿ ಉರಿಯೂತ ಮೊದಲಾಗುತ್ತದೆ. ವರ್ಷಗಳು ಕಳೆದಂತೆ ಬೆನ್ನಿನ ಮಣಿಮಣಿಗಳ ನಡುವೆ ಎಲುಬು ಬೆಳೆದು, ಕೆಲವರಲ್ಲಿ ಬೆನ್ನೆಲ್ಲ ಒಂದೇ ಬಿದಿರುಗಳದ ಹಾಗೆ ಆಗಿಬಿಡುತ್ತದೆ. ಅನೇಕರಲ್ಲಿ ಅದು ಬೆನ್ನಿಗೇ ನಿಲ್ಲದೆ ತೊಡೆಸಂದು, ಮೊಣಕಾಲು, ಕಾಲಿನ ಹರಡು, ಹಿಮ್ಮಡಿಗೂ ಇಳಿಯುತ್ತದೆ. ಕೆಲವರಿಗೆ ಆಗಾಗ ಒಂದು ಕಣ್ಣು ಕೆಂಪಾಗಿ ನೋಯುತ್ತದೆ, ಬೆಳಕು ನೋಡಲಾಗುವುದಿಲ್ಲ. ಇದು ಮುಪ್ಪಿನ ಬೇನೆಯಲ್ಲ. ಬಹುತೇಕ ಹದಿನೆಂಟರಿಂದ ಮೂವತ್ತರ ಪ್ರಾಯದಲ್ಲಿ, ಅಂದರೆ ಮನುಷ್ಯ ದುಡಿಮೆಗೆ ಇಳಿಯುವ ಹೊತ್ತಿಗೇ ಬರುತ್ತದೆ. ಹೆಂಗಸರಿಗೂ ಬರುತ್ತದೆ; ಆದರೆ ಅವರ ಬೆನ್ನುನೋವನ್ನು ಕೇಳುವವರು ಇನ್ನೂ ಕಡಿಮೆ, ಆದುದರಿಂದ ಅವರಲ್ಲಿ ಬೇನೆ ಗೊತ್ತಾಗುವುದೂ ಇನ್ನೂ ತಡ.

ನಮ್ಮ ವಾಚಕರಲ್ಲಿ ಗಿರಣಿಯಲ್ಲಿ ನಿಂತು ದುಡಿಯುವವರೂ ಅಂಗಡಿಯ ಗಾದಿಯ ಮೇಲೆ ದಿನವಿಡೀ ಕೂಡುವವರೂ ಇದ್ದಾರೆ. ಇವರಲ್ಲಿ ಬೆನ್ನು ನೋಯದವರೇ ಅಪರೂಪ. ಹಾಗಾದರೆ ಸಾದಾ ಬೆನ್ನುನೋವು ಯಾವುದು, ಇದು ಯಾವುದು? ಸಾದಾ ನೋವು ದುಡಿದಾಗ ಹೆಚ್ಚಿ ಮಲಗಿದಾಗ ಇಳಿಯುತ್ತದೆ. ಇದು ಮಲಗಿದಾಗ ಹೆಚ್ಚಿ ಆಡಿದಾಗ ಇಳಿಯುತ್ತದೆ. ರಾತ್ರಿಯ ಎರಡನೆಯ ಜಾವ ಕಳೆದ ಮೇಲೆ ಎಬ್ಬಿಸಿ ಕೂಡ್ರಿಸುತ್ತದೆ. ಮುಂಜಾನೆಯ ಬಿಗಿತ ಅರ್ಧ ತಾಸಿಗೂ ಹೆಚ್ಚು ಹೊತ್ತು ಉಳಿಯುತ್ತದೆ. ನಲವತ್ತೈದರ ಒಳಗೆ ಮೊದಲಾಗಿ ಮೂರು ತಿಂಗಳಿಗೂ ಮೇಲೆ ನಡೆದ ಇಂತಹ ನೋವನ್ನು ವಾಯುವೆಂದು ಬಿಡಬಾರದು. ನಮ್ಮ ತರುಣನ ಮಾತನ್ನು ಮತ್ತೊಮ್ಮೆ ಓದಿ ನೋಡಿರಿ. ನೆವ ಹೇಳುತ್ತಾನೆಂದು ಜನ ಯಾವುದನ್ನು ನಕ್ಕರೋ ಅದೇ ಈ ಬೇನೆಯ ಗುರುತಾಗಿತ್ತು.

ಬೇನೆ ಗೊತ್ತಾಗದಿರಲು ನಮ್ಮ ಸೀಮೆಯಲ್ಲಿ ಇನ್ನೊಂದು ಕಾರಣವೂ ಇದೆ. ಗದಗ ಜಿಲ್ಲೆಯ ಹಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಮಿನ ಒಳಗಿರಬೇಕು. ಬೇರೆ ನೀರೇ ಇಲ್ಲದಲ್ಲಿ 1.5ರ ತನಕ ನಡೆದೀತು ಎಂಬುದು ನಮ್ಮ ದೇಶದ ನಿಯಮ. ಹೆಚ್ಚಿನ ಫ್ಲೋರೈಡಿನ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಬೆನ್ನೂ ಬಿಗಿದು ಬಾಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಕಂಡಾವು. ಆದರೆ ಒಂದಕ್ಕೆ ಬೇಕಾದುದು ಒಳ್ಳೆಯ ನೀರು, ಇನ್ನೊಂದಕ್ಕೆ ಬೇಕಾದುದು ಮದ್ದು. ಬೆನ್ನುಮೂಳೆಯ ಕ್ಷಯ ಮೂರನೆಯದು. ಅದರ ದಾರಿಯೇ ಬೇರೆ. ಬಾಗಿದ ಬೆನ್ನನ್ನೆಲ್ಲ ನೀರಿನ ತಲೆಗೆ ಕಟ್ಟಿ ಕಳಿಸುವ ದವಾಖಾನೆ ನೀರನ್ನೂ ಸರಿಪಡಿಸುವುದಿಲ್ಲ, ಬೆನ್ನನ್ನೂ ಸರಿಪಡಿಸುವುದಿಲ್ಲ. ಸೊಂಟದ ಕೀಲಿನ ಎಕ್ಸ್‌ರೇ, ಅದರಲ್ಲಿ ಕಾಣದಿದ್ದರೆ ಎಂಆರ್‌ಐ, ರಕ್ತದಲ್ಲಿ ಎಚ್‌ಎಲ್‌ಎ-ಬಿ27 ಎಂಬ ಗುರುತಿನ ಪರೀಕ್ಷೆ, ಇವುಗಳಿಂದ ಭೇದ ತಿಳಿಯುತ್ತದೆ. ಈ ಗುರುತಿಗೂ ಬೇನೆಗೂ ನಂಟಿದೆಯೆಂದು 1973ರಲ್ಲಿಯೇ ಗೊತ್ತಾಗಿದೆ. ಗುರುತು ಇದ್ದವರೆಲ್ಲರಿಗೂ ಬೇನೆ ಬರುವುದಿಲ್ಲ, ಇಲ್ಲದವರಿಗೆ ಬರಲಾರದೆಂದೂ ಇಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು.

ಇನ್ನು ಔಷಧೋಪಚಾರ. ಎಲ್ಲರಿಗೂ ಹೆಚ್ಚಿನ ಬೆಲೆಯ ಚುಚ್ಚುಮದ್ದೇ ಬೇಕೆಂದು ನಾವು ಹೇಳುತ್ತಿಲ್ಲ. ಮೊದಲ ಮದ್ದು ದಿನಾಲು ವ್ಯಾಯಾಮ. ಬೆನ್ನು, ಕುತ್ತಿಗೆ, ಎದೆಗೂಡುಗಳನ್ನು ಬಿಡದೆ ಆಡಿಸುವುದು. ಇದಕ್ಕೆ ದುಡ್ಡು ಬೇಡ. ಬೀಡಿ ಸಿಗರೇಟು ಬಿಡುವುದಕ್ಕಂತೂ ದುಡ್ಡು ಬೇಡವೇ ಬೇಡ. ಸೇದುವವರಲ್ಲಿ ಬೆನ್ನು ಹೆಚ್ಚು ಕೆಡುತ್ತದೆ. ಎರಡನೆಯದು ಉರಿಯೂತವನ್ನು ಇಳಿಸುವ ನೋವಿನ ಗುಳಿಗೆಗಳು. ಡಾಕ್ಟರರು ಹೇಳಿದ ಪ್ರಮಾಣದಲ್ಲಿ, ಹೊಟ್ಟೆ ಮತ್ತು ಮೂತ್ರಪಿಂಡಗಳ ಮೇಲೆ ಕಣ್ಣಿಟ್ಟು ತೆಗೆದುಕೊಂಡರೆ ಬಹಳ ಜನಕ್ಕೆ ಇಷ್ಟರಿಂದಲೇ ಗುಣ ಕಾಣುತ್ತದೆ. ಮೊಣಕಾಲು, ಹರಡುಗಳು ಬಾತಿದ್ದರೆ ಸಲ್ಫಾಸಲಜೀನ್ ಎಂಬ ಹಳೆಯ, ಅಗ್ಗದ ಗುಳಿಗೆ ಉಪಯೋಗಕ್ಕೆ ಬರುತ್ತದೆ. ಬಾತ ಕೀಲಿಗೇ ಒಂದು ಸ್ಟೆರಾಯ್ಡು ಸೂಜಿ ಹಾಕುವುದೂ ಉಂಟು. ಆದರೆ ಸಲ್ಫಾಸಲಜೀನ್ ಕೈಕಾಲಿನ ಕೀಲುಗಳಿಗೆ ಹತ್ತಿದಂತೆ ಬೆನ್ನಿಗೆ ಹತ್ತುವುದಿಲ್ಲ. ಹೆಸರಿಲ್ಲದ ಪುಡಿಗಳಲ್ಲಿ ಸ್ಟೆರಾಯ್ಡು ಬೆರೆಸಿ ಮಾರುವವರಿದ್ದಾರೆ. ಆ ಪುಡಿ ನಾಲ್ಕು ದಿನ ಸುಖ ಕೊಟ್ಟು ಎಲುಬನ್ನೇ ಟೊಳ್ಳು ಮಾಡುತ್ತದೆ.

ಇಷ್ಟೆಲ್ಲ ಮಾಡಿಯೂ ಉರಿ ತಗ್ಗದವರಿಗೆ ಬೇಕಾದುದು ಜೈವಿಕ ಔಷಧ. ಡಾಕ್ಟರರು ಬಯಾಲಜಿಕ್ ಎನ್ನುತ್ತಾರೆ. ಇದು ರಾಸಾಯನಿಕ ಗುಳಿಗೆಯಂತಲ್ಲ. ಜೀವಕೋಶಗಳನ್ನು ಸಾಕಿ, ಅವುಗಳಿಂದ ಮಾಡಿಸಿ ತೆಗೆದ ಸಸಾರಜನಕ ವಸ್ತು. ಉರಿಯೂತಕ್ಕೆ ಅಪ್ಪಣೆ ಒಯ್ಯುವ ಟಿಎನ್‌ಎಫ್ ಎಂಬ ಓಲೆಕಾರನೊಬ್ಬ ಮೈಯಲ್ಲಿದ್ದಾನೆ. ಅವನನ್ನು ಹಾದಿಯಲ್ಲಿಯೇ ಹಿಡಿದು ನಿಲ್ಲಿಸುವುದು ಇದರ ಕೆಲಸ. ಎಟನರ್ಸೆಪ್ಟ್ ಅನ್ನು ವಾರಕ್ಕೊಮ್ಮೆ, ಅಡಲಿಮುಮ್ಯಾಬ್ ಅನ್ನು ಎರಡು ವಾರಕ್ಕೊಮ್ಮೆ ಚರ್ಮದ ಕೆಳಗೆ ಚುಚ್ಚುತ್ತಾರೆ. ಇನ್‌ಫ್ಲಿಕ್ಸಿಮ್ಯಾಬ್ ಅನ್ನು ದವಾಖಾನೆಯಲ್ಲಿ ಸಲೈನಿನ ಹಾಗೆ ಏರಿಸುತ್ತಾರೆ. ಐಎಲ್-17 ಎಂಬ ಇನ್ನೊಬ್ಬ ಓಲೆಕಾರನನ್ನು ತಡೆಯುವ ಸೆಕುಕಿನುಮ್ಯಾಬ್ ಆಮೇಲೆ ಬಂದಿತು. ಟೊಫಾಸಿಟಿನಿಬ್ ಎಂಬ ಗುಳಿಗೆಯೂ ಈಗ ಇದೆ. ಅದು ಜೈವಿಕ ಔಷಧವಲ್ಲ. ಚುಚ್ಚುಮದ್ದಿಗಿಂತ ಅಗ್ಗವಾದರೂ ಅದಕ್ಕೂ ತನ್ನವೇ ಅಪಾಯಗಳಿವೆ.

ಗುಣವೆಷ್ಟು? ಅಡಲಿಮುಮ್ಯಾಬ್ ಕುರಿತು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 12 ವಾರಗಳ ಕೊನೆಗೆ ಮದ್ದು ಪಡೆದವರಲ್ಲಿ ನೂರಕ್ಕೆ 58 ಜನರಿಗೆ ಉಪಶಮನ ಕಂಡಿತು. ಬರಿಯ ಹುಸಿ ಸೂಜಿ ಚುಚ್ಚಿಸಿಕೊಂಡವರಲ್ಲಿ 21 ಜನರಿಗೆ. ಇದು ಮಂತ್ರವಲ್ಲ. ಆಗಲೇ ಕೂಡಿಕೊಂಡ ಎಲುಬನ್ನು ಯಾವ ಮದ್ದೂ ಬಿಡಿಸಲಾರದು. ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ ಮದ್ದು ಬದಲಿಸಬೇಕಾಗುತ್ತದೆ. ಗುಣ ಕಂಡವರೂ ಥಟ್ಟನೆ ಬಿಟ್ಟರೆ ಬಹಳಷ್ಟು ಜನಕ್ಕೆ ಬೇನೆ ಮರಳುತ್ತದೆ. ಬಹುದಿನ ನೆಟ್ಟಗಿದ್ದವರಿಗೆ ಡಾಕ್ಟರರು ಅಂತರ ಹೆಚ್ಚಿಸಿ ನೋಡಬಹುದು. ಆದರೆ ಎದ್ದು ನಡೆಯಲಾರದವನು ಮತ್ತೆ ಮಗ್ಗದ ಮುಂದೆ ಕೂಡುವಂತಾದರೆ ಆ ಮನೆಗೆ ಅದು ಸಣ್ಣ ಸಂಗತಿಯಲ್ಲ.

ಅಪಾಯವನ್ನೂ ಮುಚ್ಚಿಡಬಾರದು. ಟಿಎನ್‌ಎಫ್ ಎಂಬುದು ಕ್ಷಯದ ರೋಗಾಣುಗಳನ್ನು ಮೈಯಲ್ಲಿ ಕಟ್ಟಿ ಹಾಕಿಡುವ ಕೆಲಸವನ್ನೂ ಮಾಡುತ್ತದೆ. ಅದನ್ನು ತಡೆದರೆ ಮಲಗಿದ್ದ ಕ್ಷಯ ಎದ್ದೀತು. ಲೋಕದ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದಲ್ಲೇ ಇದ್ದಾರೆ. ಆದುದರಿಂದ ಮೊದಲು ಎದೆಯ ಎಕ್ಸ್‌ರೇ, ಕ್ಷಯದ ಚರ್ಮ ಪರೀಕ್ಷೆ ಅಥವಾ ರಕ್ತ ಪರೀಕ್ಷೆ, ಕಾಮಾಲೆ ತರುವ ಹೆಪಟೈಟಿಸ್ ವಿಷಾಣುವಿನ ಪರೀಕ್ಷೆ, ಇವೆಲ್ಲ ಆಗಲೇಬೇಕು. ಒಳಗೆ ಕ್ಷಯ ಅಡಗಿದ್ದರೆ ಮೊದಲು ಅದಕ್ಕೆ ಮದ್ದು ಆರಂಭಿಸಿ, ಆಮೇಲೆ ಇದು. ಚುಚ್ಚುಮದ್ದು ನಡೆದಾಗ ಜ್ವರ, ಬಿಡದ ಕೆಮ್ಮು ಬಂದರೆ ಮುಂದಿನ ಸೂಜಿಯನ್ನು ತಡೆಹಿಡಿದು ಡಾಕ್ಟರರಲ್ಲಿಗೆ ಹೋಗಬೇಕು. ಈ ಮದ್ದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಗದಗಿನಿಂದ ಗಜೇಂದ್ರಗಡದ ತನಕ ಬೇಸಿಗೆಯ ಬಸ್ಸಿನಲ್ಲಿ ಅದನ್ನು ಒಯ್ಯುವವನಿಗೆ ಈ ಮಾತಿನ ತೂಕ ಗೊತ್ತು.

ಇನ್ನು ಬೆಲೆಯ ಮಾತು. ಇಂತಹ ಹಲವು ಮದ್ದುಗಳ ಮೂಲದಲ್ಲಿರುವ ವಿದ್ಯೆಯನ್ನು 1975ರಲ್ಲಿ ಕಂಡುಹಿಡಿದವರು ಮಿಲ್‌ಸ್ಟೈನ್ ಮತ್ತು ಕೋಲರ್. ಕೇಂಬ್ರಿಜಿನಲ್ಲಿ, ಸರಕಾರದ ಹಣದಿಂದ ನಡೆಯುವ ಪ್ರಯೋಗಶಾಲೆಯಲ್ಲಿ. ಆ ವಿದ್ಯೆಗೆ ಪೇಟೆಂಟು ತೆಗೆಯಲಿಲ್ಲ, ಲೋಕಕ್ಕೆ ಬಿಟ್ಟುಕೊಟ್ಟಂತಾಯಿತು. 1984ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಟಿಎನ್‌ಎಫ್ ತಡೆದರೆ ಕೀಲುವಾತ ಇಳಿಯುತ್ತದೆಂದು 1990ರ ದಶಕದಲ್ಲಿ ಲಂಡನ್ನಿನಲ್ಲಿ ತೋರಿಸಿಕೊಟ್ಟ ಇಬ್ಬರಲ್ಲಿ ಒಬ್ಬರಾದ ರವೀಂದರ್ ಮೈನಿಯವರು ಹುಟ್ಟಿದ್ದು ನಮ್ಮ ಪಂಜಾಬಿನ ಲೂಧಿಯಾನದಲ್ಲಿ. ಹೀಗೆ ಸಾರ್ವಜನಿಕರ ಹಣದಿಂದ ಮೊಳೆತ ವಿದ್ಯೆಯ ಮೇಲೆ ಕಂಪನಿಗಳು ಪೇಟೆಂಟಿನ ಬೇಲಿ ಹಾಕಿ ಫಸಲು ಕೊಯ್ದವು. ಅಡಲಿಮುಮ್ಯಾಬ್ ಎಷ್ಟೋ ವರ್ಷ ಲೋಕದಲ್ಲಿಯೇ ಅತಿ ಹೆಚ್ಚು ಹಣ ತಂದ ಔಷಧವಾಗಿತ್ತು.

ನಮ್ಮ ದೇಶ ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು ಎಂದು ಒಪ್ಪಿಕೊಳ್ಳಬೇಕು. ಅಹಮದಾಬಾದಿನ ಝೈಡಸ್ ಕಂಪನಿ ಇದೇ ಮದ್ದಿನ ಸಮಾನ ರೂಪವನ್ನು 2014ರ ಡಿಸೆಂಬರಿನಲ್ಲಿ ಲೋಕದಲ್ಲಿ ಮೊದಲ ಬಾರಿಗೆ ಮಾರುಕಟ್ಟೆಗೆ ತಂದಿತು. ಅಮೇರಿಕದ ಜನ ಅಂತಹದೊಂದಕ್ಕೆ 2023ರ ಜನವರಿಯ ತನಕ ಕಾಯಬೇಕಾಯಿತು. ಅಲ್ಲಿ ಒಂದು ಸೂಜಿಗೆ ಸಾವಿರ ಡಾಲರಾದರೆ ಇಲ್ಲಿ ಸುಮಾರು 200 ಡಾಲರು ಎಂದು ಆಗ ವರದಿಯಾಯಿತು. ಅಗ್ಗವೇ ಸರಿ, ಯಾರಿಗೆ? 200 ಡಾಲರೆಂದರೆ ಆಗಿನ ಲೆಕ್ಕಕ್ಕೆ 12,000 ರೂಪಾಯಿಗೂ ಮೇಲೆ. ವರ್ಷಕ್ಕೆ 26 ಸೂಜಿ. ಮೂರು ಲಕ್ಷ ದಾಟಿತು. ಮುಂದೆ ಬೇರೆ ಕಂಪನಿಗಳು ಬಂದು ಬೆಲೆ ಇಳಿದಿದೆ. ಆದರೂ ಒಂದು ಸೂಜಿಗೆ ಸಾವಿರಗಳ ಲೆಕ್ಕವೇ. ಬೆಂಗಳೂರಿನಲ್ಲಿಯೇ ಜೈವಿಕ ಔಷಧಗಳನ್ನು ತಯಾರಿಸಿ ಪರದೇಶಗಳಿಗೆ ಕಳಿಸುವ ದೊಡ್ಡ ಕಾರಖಾನೆಗಳಿವೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇಲ್ಲಿ ಹಿತ್ತಲ ಗಿಡ ಮದ್ದೇ ಆಗಿದ್ದರೂ ಹಿತ್ತಲವರಿಗೆ ಎಟಕುತ್ತಿಲ್ಲ.

ಈಗ ಕಾರ್ಡಿನ ಪ್ರಶ್ನೆಗೆ ಬರೋಣ. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಕೊಡುತ್ತದೆ. ಎಪಿಎಲ್ ಕಾರ್ಡಿನ ಚಿಲ್ಲರೆ ವ್ಯಾಪಾರಸ್ಥನಿಗೆ ನಿಗದಿಯಾದ ದರದಲ್ಲಿ ನೂರಕ್ಕೆ 30ರಷ್ಟು ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯಲ್ಲಿ. ಯೋಜನೆ ಒಳ್ಳೆಯದೇ. ಆದರೆ ಆಯುಷ್ಮಾನ್ ಯೋಜನೆಯ ಮೂಲ ನಿಯಮದಂತೆ ಹಣ ಸಿಗುವುದು ದವಾಖಾನೆಯಲ್ಲಿ ಒಳರೋಗಿಯಾಗಿ ದಾಖಲಾದವನಿಗೆ. ಮನೆಯಲ್ಲಿ ಚುಚ್ಚಿಕೊಂಡು ಮರುದಿನ ಕೆಲಸಕ್ಕೆ ಹೋಗುವವನ ಮದ್ದು ಹೊರರೋಗಿಯ ಲೆಕ್ಕ; ಅದು ಆ ಪಟ್ಟಿಯ ಹೊರಗೆ. ಅದೇ ಯೋಜನೆಯ ಪಟ್ಟಿಯಲ್ಲಿ ಕೆಟ್ಟ ತೊಡೆಸಂದಿನ ಕೀಲನ್ನು ತೆಗೆದು ಲೋಹದ ಕೀಲು ಕೂಡ್ರಿಸುವ ಶಸ್ತ್ರಚಿಕಿತ್ಸೆ ಇದೆ. ಅಂದರೆ ಕೀಲು ಉಳಿಸುವ ಮದ್ದಿಗೆ ಹಣವಿಲ್ಲ, ಕೀಲು ಹಾಳಾದ ಮೇಲೆ ಕತ್ತರಿಸಲು ಹಣವಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯ ಅರ್ಥ ನರಗುಂದ ಗಜೇಂದ್ರಗಡಗಳಂತಹ ಕೋಟೆಯ ಊರಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇ.ಎಸ್.ಐ. ವಿಮೆಯ ದಾರಿ ಬೇರೆ. 1948ರ ಕಾಯದೆಯಿಂದ ಹುಟ್ಟಿದ ಈ ವಿಮೆಯಲ್ಲಿ ಕಾರ್ಮಿಕನ ಪಗಾರದಿಂದ ನೂರಕ್ಕೆ 0.75, ಮಾಲಿಕನಿಂದ 3.25ರಂತೆ ವಂತಿಗೆ 2019ರ ಜುಲೈಯಿಂದ ನಡೆದಿದೆ. ಹೊರರೋಗಿಗೂ ಮದ್ದು ಕೊಡುವುದು ಅಲ್ಲಿಯ ನಿಯಮ. ಆದುದರಿಂದ ಇ.ಎಸ್.ಐ. ಚೀಟಿ ಇರುವ ಗಿರಣಿ ಕಾರ್ಮಿಕರು ಈ ಬೇನೆಗೆ ಖಾಸಗಿ ಅಂಗಡಿಯಲ್ಲಿ ಸಾಲ ಮಾಡಿ ಮದ್ದು ಕೊಳ್ಳುವ ಮೊದಲು ಇ.ಎಸ್.ಐ. ಡಾಕ್ಟರರಿಂದ ತಜ್ಞರಿಗೆ ಪತ್ರ ಬರೆಸಿಕೊಂಡು ತಮ್ಮ ಹಕ್ಕನ್ನು ಕೇಳಬೇಕು. ಆದರೆ ಈ ವಿಮೆ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಾರಖಾನೆಗೆ. ಮನೆಯ ಪಡಸಾಲೆಯಲ್ಲಿ ನಾಲ್ಕು ಮಗ್ಗ ಹಾಕಿಕೊಂಡವನಿಗೂ ಅವನ ಕೈಕೆಳಗೆ ದುಡಿಯುವ ಇಬ್ಬರಿಗೂ ಅದು ದೂರದ ಬೆಟ್ಟ. ರೋಣದ ಪೇಟೆಯ ಹಮಾಲನಿಗೂ ನರಗುಂದದ ಕಿರಾಣಿ ಅಂಗಡಿಯವನಿಗೂ ಅಷ್ಟೇ.

ಸರಕಾರದವರು ಏನು ಉತ್ತರ ಕೊಡುವರೆಂಬುದು ನಮಗೆ ಗೊತ್ತಿದೆ. ನೀರು, ಜ್ವರ, ಬಾಣಂತಿತನಗಳಿಗೇ ಹಣ ಸಾಲದಿರುವಾಗ ಕೆಲವರ ಬೇನೆಗೆ ಇಷ್ಟು ಹಣ ಎಲ್ಲಿಂದ ತರಬೇಕೆಂದು ಕೇಳುವರು. ಪ್ರಶ್ನೆ ನ್ಯಾಯವಾದುದೇ. ಉತ್ತರ ಅವರದೇ ಕಡತದಲ್ಲಿದೆ. ಎಚ್‌ಐವಿಯ ಮದ್ದಿಗೆ ಒಂದು ಕಾಲಕ್ಕೆ ಒಬ್ಬನಿಗೆ ವರ್ಷಕ್ಕೆ 10,000 ಡಾಲರಿಗೂ ಮೇಲೆ ಬೀಳುತ್ತಿತ್ತು. 2001ರಲ್ಲಿ ನಮ್ಮ ದೇಶದ ಸಿಪ್ಲಾ ಕಂಪನಿ ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ ಕೊಡುವೆನೆಂದಿತು. 2004ರ ಏಪ್ರಿಲ್ 1ರಿಂದ ಸರಕಾರ ಅದನ್ನು ಪುಕ್ಕಟೆ ಕೊಡಲಾರಂಭಿಸಿತು. ಆ ರೋಗಿ ಹಾಸಿಗೆ ಹಿಡಿದು ಮಲಗಬೇಕೆಂದು ಯಾರೂ ಕೇಳಲಿಲ್ಲ. ಮದ್ದು ಒಯ್ದ, ಮನೆಗೆ ಹೋದ, ದುಡಿದ, ಬದುಕಿದ. ಕ್ಷಯದ ಗುಳಿಗೆಯೂ ಹಾಗೆಯೇ ಸಿಗುತ್ತದೆ. ಅಲ್ಲಿ ಸಾಧ್ಯವಾದುದು ಇಲ್ಲಿ ಏಕೆ ಅಸಾಧ್ಯ? ಗುಳಿಗೆ ವ್ಯಾಯಾಮಗಳಿಂದ ಗುಣವಾಗದೆ ಉಳಿದವರಿಗೆ ಮಾತ್ರ ಈ ಮದ್ದು ಬೇಕು. ರೋಗಿ ಒಬ್ಬೊಬ್ಬನೇ ಅಂಗಡಿಯಲ್ಲಿ ಕೊಂಡರೆ ಒಂದು ಬೆಲೆ; ಇಡೀ ರಾಜ್ಯಕ್ಕಾಗಿ ಸರಕಾರದ ವೈದ್ಯಕೀಯ ಸರಬರಾಜು ನಿಗಮ ಟೆಂಡರು ಕರೆದು ಕೊಂಡರೆ ಬೇರೆ ಬೆಲೆ. ಸಗಟು ಚಿಲ್ಲರೆಗಳ ಈ ಭೇದವನ್ನು ನಮ್ಮ ವ್ಯಾಪಾರಿ ವಾಚಕರಿಗೆ ನಾವು ಕಲಿಸಬೇಕಾಗಿಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಮೂರು. ಮೊದಲನೆಯದು, ರೋಣ, ನರಗುಂದ, ಗಜೇಂದ್ರಗಡಗಳ ಸರಕಾರಿ ದವಾಖಾನೆಗಳಲ್ಲಿ ಬೆನ್ನುನೋವೆಂದು ಬಂದ ಪ್ರತಿಯೊಬ್ಬ ತರುಣ ತರುಣಿಗೆ ನೋವು ಎಂದು ಹೆಚ್ಚುತ್ತದೆ, ಎಂದು ಇಳಿಯುತ್ತದೆ ಎಂಬ ಎರಡು ಪ್ರಶ್ನೆ ಕೇಳಿ, ಸಂಶಯವಿದ್ದವರನ್ನು ಗದಗಿನ ಮೆಡಿಕಲ್ ಕಾಲೇಜಿಗೆ ಚೀಟಿ ಕೊಟ್ಟು ಕಳಿಸಬೇಕು. ಎರಡನೆಯದು, ಆ ಜಿಲ್ಲಾ ದವಾಖಾನೆಯಲ್ಲಿ ಗೊತ್ತಾದ ದಿನ ಸಂಧಿವಾತದ ರೋಗಿಗಳನ್ನು ನೋಡುವ, ಕ್ಷಯ ಪರೀಕ್ಷೆ ಮಾಡಿ ಜೈವಿಕ ಔಷಧ ಕೊಡುವ ವ್ಯವಸ್ಥೆಯಾಗಬೇಕು. ಮದ್ದು ತಂಪಿನಲ್ಲಿ ತಾಲೂಕಿನ ತನಕ ಬರಬೇಕು. ಮಕ್ಕಳ ಲಸಿಕೆಯನ್ನು ಹಳ್ಳಿಹಳ್ಳಿಗೆ ತಂಪಿನಲ್ಲಿ ಮುಟ್ಟಿಸುವವರಿಗೆ ಇದು ಅಸಾಧ್ಯವಲ್ಲ. ಮೂರನೆಯದು, ಒಳರೋಗಿಯೆಂಬ ಕಟ್ಟನ್ನು ಇಂತಹ ದೀರ್ಘ ಬೇನೆಗಳ ಮಟ್ಟಿಗೆ ಸಡಿಲಿಸಿ ಕಾರ್ಡಿನಲ್ಲಿಯೇ ಈ ಮದ್ದು ಸಿಗಬೇಕು.

ನೀರು ಹರಿಯದ ಹೊಲಕ್ಕೆ ಕರ ಏಕೆಂದು 1980ರ ಜುಲೈಯಲ್ಲಿ ನರಗುಂದದ ರೈತರು ಎದ್ದು ಕೇಳಿದರು. ಮದ್ದು ಬಾರದ ಕಾರ್ಡು ಏಕೆಂದು ಕೇಳುವ ಅಧಿಕಾರ ಅದೇ ಮಣ್ಣಿನ ನೇಕಾರನಿಗೂ ಹಮಾಲನಿಗೂ ಅಂಗಡಿಕಾರನಿಗೂ ಇದೆ. ಗ್ರಾಮಸಭೆಯಲ್ಲಿ, ಪುರಸಭೆಯಲ್ಲಿ, ಶಾಸಕರ ಮನೆಯ ಕಟ್ಟೆಯಲ್ಲಿ ಇದನ್ನು ಕೇಳಿರಿ. ನಿಮ್ಮ ಓಣಿಯಲ್ಲಿ ಹುಡುಗನೊಬ್ಬ ಮುಂಜಾನೆ ಗೋಡೆ ಹಿಡಿದು ಏಳುತ್ತಿದ್ದರೆ ಅವನನ್ನು ನಗಬೇಡಿರಿ, ದವಾಖಾನೆಗೆ ಕರೆದೊಯ್ಯಿರಿ.

ನಮ್ಮ ತರುಣನಿಗೆ ನಾವು ಅಂದು ಕೊಟ್ಟ ಉತ್ತರ "ಇಲ್ಲಪ್ಪ, ಈ ಸೂಜಿ ಕಾರ್ಡಿನ್ಯಾಗ ಬರಂಗಿಲ್ಲ" ಎಂಬುದು. ಅವನು ಎದುರು ಮಾತನಾಡಲಿಲ್ಲ. ಮೈಯನ್ನೆಲ್ಲ ತಿರುಗಿಸಿ ಬಾಗಿಲು ನೋಡಿದ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ. ಕ್ಷಯ ಪರೀಕ್ಷೆ ಮುಗಿದಿದೆ. ಈಗ ಗುಳಿಗೆ, ವ್ಯಾಯಾಮಗಳ ಮೇಲೆ ದಿನ ನೂಕುತ್ತಿದ್ದಾನೆ. ಅವನ ತೊಡೆಸಂದಿನ ಕೀಲು ಇನ್ನೂ ಕೆಟ್ಟಿಲ್ಲ ಎಂದು ಡಾಕ್ಟರರು ಹೇಳಿದ್ದಾರೆ. ಅದು ಕೆಡುವ ದಿನದ ತನಕ ಸರಕಾರ ಕಾಯುವುದೇ ಎಂಬುದು ಈಗ ಉಳಿದಿರುವ ಪ್ರಶ್ನೆ.